ಅರವತ್ತು ಹುಣಸೆ ಬೀಜಗಳ ಲೆಕ್ಕ

ನಮ್ಮ ಬೀದಿಯ ಕೊನೆಯಲ್ಲಿ, ಅರಳಿಕಟ್ಟೆಯ ಪಕ್ಕದಲ್ಲಿ ಒಂದು ಅಂಗನವಾಡಿ ಇದೆ. ಒಂದು ದೊಡ್ಡ ಕೋಣೆ, ಒಂದು ಪುಟ್ಟ ಅಡುಗೆಮನೆ, ಮುಂದೆ ಒಂದಿಷ್ಟು ಅಂಗಳ, ಅಷ್ಟೆ. ಮಗಳ ಕೆಲಸದ ಕಾರಣದಿಂದ ನನ್ನ ಮೊಮ್ಮಗ ಒಂದು ವರ್ಷ ನಮ್ಮ ಜೊತೆಗಿದ್ದ. ಅವನನ್ನು ಬೆಳಿಗ್ಗೆ 9.30ಕ್ಕೆ ಅಲ್ಲಿಗೆ ಬಿಟ್ಟು, ಸಂಜೆ 4 ಗಂಟೆಗೆ ಕರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಬಾಗಿಲಿನವರೆಗೆ ಹೋಗಿ ಹಿಂತಿರುಗುತ್ತಿದ್ದೆ. ಆಮೇಲಾಮೇಲೆ ಅರಳಿಕಟ್ಟೆಯ ಮೇಲೆ ಪೇಪರ್ ಓದುವ ನೆಪದಲ್ಲಿ ಕೂರತೊಡಗಿದೆ. ಪೇಪರ್ ಓದಿದ್ದು ಕಡಿಮೆ, ಒಳಗೆ ನಡೆಯುವುದನ್ನು ನೋಡಿದ್ದೇ ಹೆಚ್ಚು. ಮಕ್ಕಳು ನನಗೆ ‘ಬ್ಯಾಂಕ್ ತಾತ’ ಎಂದು ಹೆಸರಿಟ್ಟರು. ಆ ಒಂದು ವರ್ಷದಲ್ಲಿ ಅಲ್ಲಿನ ಟೀಚರಮ್ಮನಿಂದ ನಾನು ಕಂಡದ್ದನ್ನು, ಕಲಿತದ್ದನ್ನು ನಿಮಗೂ ಹೇಳಬೇಕು ಅನ್ನಿಸಿದೆ.

ಮಕ್ಕಳೇ, ನಿಮ್ಮಲ್ಲಿ ಹಲವರು ಅಂಗನವಾಡಿಯಲ್ಲಿ ಆಡಿ ಬೆಳೆದವರೇ ಇರಬಹುದು. ಆದರೆ ಅದರ ಕತೆ ಎಷ್ಟು ಜನಕ್ಕೆ ಗೊತ್ತು? ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಇಡೀ ದೇಶದಲ್ಲಿ ಆಗ ಆರಿಸಿಕೊಂಡದ್ದು 33 ಕಡೆ ಮಾತ್ರ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಕಾವೇರಿ, ಕಪಿಲೆ ಕೂಡುವ ನಮ್ಮ ಟಿ. ನರಸೀಪುರದಲ್ಲಿ. ಹೀಗಾಗಿ ನಮ್ಮ ತಾಲ್ಲೂಕಿನವರಿಗೆ ಅಂಗನವಾಡಿ ಎಂದರೆ ಮನೆಮಗಳ ಹಾಗೆ. ಅಂದು ಅಲ್ಲಿ ಆಡಿದ ಮಕ್ಕಳು ಇಂದು ಅಜ್ಜ ಅಜ್ಜಿ ಆಗಿದ್ದಾರೆ.

ಟೀಚರಮ್ಮ ಈ ಕೆಲಸಕ್ಕೆ ಸೇರಿ 22 ವರ್ಷವಾಗಿದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅವರಿಗೆ ಸಿಗುವುದನ್ನು ಸರ್ಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಮಾಡುವ ಕೆಲಸವನ್ನು ಪಟ್ಟಿ ಮಾಡಿದರೆ ಒಂದು ಹಾಳೆ ಸಾಲದು. ಮಕ್ಕಳಿಗೆ ಆಟಪಾಠ ಒಂದು ಕಡೆ. ತೂಕ ನೋಡುವುದು, ಲಸಿಕೆಯ ದಿನ ನೆನಪಿಸುವುದು, ಗರ್ಭಿಣಿಯರಿಗೆ, ಬಾಣಂತಿಯರಿಗೆ ಊಟ ಕೊಡುವುದು, ಮನೆಮನೆಗೆ ಹೋಗಿ ವಿಚಾರಿಸುವುದು, ಅಕ್ಕಿ ಬೇಳೆಯ ದಾಸ್ತಾನು ಬರೆಯುವುದು ಇನ್ನೊಂದು ಕಡೆ. ಇದೆಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು, ಮೊಬೈಲಿನಲ್ಲೂ ತುಂಬಬೇಕು. ಜೀವನವಿಡೀ ಲೆಡ್ಜರ್ ನೋಡಿದ ನನ್ನ ಕಣ್ಣಿಗೆ ಅವರ ರಿಜಿಸ್ಟರುಗಳು ಹಬ್ಬದೂಟದಂತೆ ಕಂಡವು. ಒಂದು ಕಡೆಯೂ ತಿದ್ದಿ ಬರೆದ ಗುರುತಿಲ್ಲ.

ಬೆಳಿಗ್ಗೆ ಬಂದವರು ಮೊದಲು ಮಾಡುವುದು ಅಂಗಳದಲ್ಲಿ ರಂಗೋಲಿ. ಅದು ಬಾಗಿಲ ಶೋಭೆಗೆ ಹಾಕಿದ ರಂಗೋಲಿಯಲ್ಲ. ಒಂದು ದಿನ ಉದ್ದನೆಯ ಗೆರೆ, ಮರುದಿನ ಅಲೆಯಂಥ ಗೆರೆ, ಇನ್ನೊಂದು ದಿನ ಬಸವನಹುಳುವಿನ ಚಿಪ್ಪಿನಂಥ ಸುರುಳಿ. ಮಕ್ಕಳು ಬಂದವರೇ ಆ ಗೆರೆಯ ಮೇಲೆ ಬೀಳದಂತೆ ನಡೆಯಬೇಕು. ನಡೆದು ಮುಗಿದ ಮೇಲೆ ಅದೇ ಗೆರೆಯ ಮೇಲೆ ಹುಣಸೆ ಬೀಜಗಳನ್ನು ಒಂದರ ಪಕ್ಕ ಒಂದು ಜೋಡಿಸಬೇಕು.

ಈ ಹುಣಸೆ ಬೀಜಗಳ ಸಂಗತಿ ಕೇಳಿ. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಸರಿಯಾಗಿ ಅರವತ್ತು ಬೀಜ ಇರುತ್ತವೆ. ತೊಳೆದು, ಒಣಗಿಸಿ, ಹೊಳೆಯುವಂತೆ ಉಜ್ಜಿದ ಬೀಜಗಳು. ಆಟಕ್ಕೆ ಮೊದಲು ಎಣಿಸಿ ಹೊರತೆಗೆಯುತ್ತಾರೆ, ಆಟ ಮುಗಿದ ಮೇಲೆ ಹತ್ತು ಹತ್ತರ ಆರು ಗುಡ್ಡೆ ಮಾಡಿ ಎಣಿಸಿ ಒಳಗೆ ಹಾಕುತ್ತಾರೆ. ಕೊನೆಯ ಬೀಜ ಬಾಟಲಿಗೆ ಬಿದ್ದಾಗ ಮಕ್ಕಳೆಲ್ಲ ಒಟ್ಟಿಗೆ “ಅರವತ್ತು!” ಎಂದು ಕೂಗಬೇಕು. ಇದು ದಿನವೂ ನಡೆಯುವ ಶಾಸ್ತ್ರ.

“ಇಷ್ಟು ಕಟ್ಟುನಿಟ್ಟು ಯಾಕಮ್ಮ? ನಮ್ಮ ಬ್ಯಾಂಕಿನ ಕ್ಯಾಶ್ ಕೌಂಟರ್ ಥರ ಆಯ್ತಲ್ಲ” ಎಂದು ಒಂದು ದಿನ ಕೇಳಿದೆ.

“ಸಾರ್, ನಿಮ್ಮ ಬ್ಯಾಂಕಲ್ಲಿ ಒಂದು ರೂಪಾಯಿ ಕಮ್ಮಿ ಆದ್ರೆ ಅದು ಎಲ್ಲೋ ಡ್ರಾಯರಲ್ಲಿ ಇರುತ್ತೆ. ಇಲ್ಲಿ ಒಂದು ಬೀಜ ಕಮ್ಮಿ ಆದ್ರೆ ಯಾವುದಾದರೂ ಮಗು ಮೂಗಿನಲ್ಲೋ ಬಾಯಲ್ಲೋ ಇರುತ್ತೆ” ಎಂದರು ಟೀಚರಮ್ಮ.

ನಾನು ಎಷ್ಟೋ ವರ್ಷ ದಿನದ ಕೊನೆಗೆ ನಗದು ತಾಳೆ ನೋಡಿದವನು. ಆದರೂ ಲೆಕ್ಕಕ್ಕೆ ಇಂಥ ಒಂದು ಅರ್ಥ ಇದೆಯೆಂದು ಯಾರೂ ಹೇಳಿರಲಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಅಂಗಡಿಯ ಬಣ್ಣ ಬೇಗ ಖಾಲಿಯಾಗುತ್ತದೆ, ಮಕ್ಕಳು ಬಾಯಿಗಿಟ್ಟುಕೊಳ್ಳುವ ಭಯ ಬೇರೆ. ಅದಕ್ಕೆ ಟೀಚರಮ್ಮನ ಬಣ್ಣದ ಕಾರ್ಖಾನೆ ಅಡುಗೆಮನೆಯಲ್ಲೇ ಇದೆ. ಅರಿಸಿನ ಕದಡಿದರೆ ಹಳದಿ. ಬೀಟ್‌ರೂಟ್ ತುರಿದು ಹಿಂಡಿದರೆ ಗುಲಾಬಿ. ಬಸಳೆಯ ಕಪ್ಪು ಹಣ್ಣು ಕಿವುಚಿದರೆ ನೇರಳೆ. ಕೆಮ್ಮಣ್ಣು ನೆನೆಸಿದರೆ ಇಟ್ಟಿಗೆಯ ಬಣ್ಣ. ಎಲ್ಲಕ್ಕಿಂತ ಮಕ್ಕಳು ಕಾದು ನೋಡುವುದು ಆರತಿ ನೀರಿನ ಆಟವನ್ನು. ಬಟ್ಟಲಿನ ಅರಿಸಿನ ನೀರಿಗೆ ಟೀಚರಮ್ಮ ತಾವೇ ಚಿಟಿಕೆ ಸುಣ್ಣ ಬೆರೆಸುತ್ತಾರೆ. ಸುಣ್ಣ ಮಕ್ಕಳ ಕೈಗೆ ಸಿಗುವಂತಿಲ್ಲ. ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಆಮೇಲೆ ಅದಕ್ಕೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ! ಹೈಸ್ಕೂಲಿನ ಮಕ್ಕಳು ಇದನ್ನು ಆಮ್ಲ, ಪ್ರತ್ಯಾಮ್ಲ ಎಂದು ಓದುತ್ತಾರೆ. ಇಲ್ಲಿಯ ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ನೋಡಿದ್ದನ್ನು ಮನೆಗೆ ಹೋಗಿ ಅಜ್ಜಿಗೆ ವರದಿ ಮಾಡುತ್ತಾರೆ.

ಬೆಂಡೆಕಾಯಿಯನ್ನು ಅಡ್ಡಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಐದೆಸಳಿನ ಹೂವು. ಬೀದಿಯ ಮನೆಗಳಲ್ಲಿ ಮದುವೆ ಮುಗಿದ ಮೇಲೆ ಉಳಿಯುವ ಲಗ್ನಪತ್ರಿಕೆಗಳನ್ನು ಕೇಳಿ ತರುವುದು ನನ್ನ ಕೆಲಸವಾಯಿತು. ದಪ್ಪ ಕಾಗದದ ಗಣಪತಿಯನ್ನು ನಾಲ್ಕು ತುಂಡು ಮಾಡಿ, ಜೋಡಿಸುವ ಆಟ ಮಾಡುತ್ತಿದ್ದರು. ಒಂಟಿಯಾಗಿ ಉಳಿದ ಕಾಲುಚೀಲಗಳು ಮೊಸಳೆ, ಮೊಲ, ಅತ್ತೆ, ಸೊಸೆ ಎಲ್ಲ ಆದವು.

ಟೀಚರಮ್ಮನ ಬಳಿ ಇನ್ನೊಂದು ಗುಟ್ಟಿನ ಆಸ್ತಿ ಇತ್ತು. ಸುತ್ತು ಕಟ್ಟಿದ ಒಂದು ನೋಟ್‌ಬುಕ್, ಅದರ ತುಂಬ ಅವರೇ ಕಟ್ಟಿದ ಹಾಡುಗಳು. ರಾತ್ರಿ ಅಡುಗೆ, ಪಾತ್ರೆ ಮುಗಿದ ಮೇಲೆ ಬರೆಯುತ್ತಾರಂತೆ. ಕೋಲಾಟದ, ಸೋಬಾನೆಯ ಮಟ್ಟುಗಳಿಗೆ ಹೊಂದಿಸಿದ ಪುಟ್ಟ ಪುಟ್ಟ ಹಾಡುಗಳು. ಕೈ ತೊಳೆಯುವಾಗ ಮಕ್ಕಳು ಹಾಡುವ ಹಾಡು ಹೀಗೆ ಶುರುವಾಗುತ್ತದೆ:

“ಐದು ಜನ ಅಣ್ಣತಮ್ಮ ಮಣ್ಣಲಾಡಿ ಬಂದರು,
ನೊರೆಯ ಅಂಗಿ ತೊಟ್ಟುಕೊಂಡು ಬೆಳ್ಳಗಾಗಿ ನಿಂದರು.”

“ಇದನ್ನು ಯಾವುದಾದರೂ ಪತ್ರಿಕೆಗೆ ಕಳಿಸಬಾರದೇ?” ಎಂದೆ. “ಅಯ್ಯೋ, ಬಿಡಿ ಸಾರ್, ಕೈ ತೊಳೆದರೆ ಸಾಕು” ಎಂದು ನಕ್ಕರು. ಕನ್ನಡದಲ್ಲಿ ಮಕ್ಕಳ ಹಾಡು ಬೆಳೆದದ್ದೇ ಮೇಷ್ಟರ ಕೈಯಲ್ಲಿ ಎಂಬುದನ್ನು ಅವರಿಗೆ ನೆನಪಿಸಿದೆ. ಪಂಜೆ ಮಂಗೇಶರಾಯರು (1874–1937) ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗುತ್ತಲೇ ಮಕ್ಕಳಿಗೆ ಕತೆ, ಪದ್ಯ ಬರೆದವರಲ್ಲವೇ?

ಎಲ್ಲರಿಗೂ ಈ ಆಟಗಳು ಹಿಡಿಸುತ್ತಿದ್ದವು ಎಂದೇನಿಲ್ಲ. ಒಂದು ಸಂಜೆ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತು ಜೋರು ಮಾಡಿದರು. “ಅಲ್ಲ ಕಣವ್ವ, ವರ್ಷ ಆಗ್ತಾ ಬಂತು. ನಮ್ಮ ಹೈದ ಒಂದು ಎಬಿಸಿಡೀನೂ ಬರೆಯಾಕಿಲ್ಲ. ಎದುರುಮನೆ ಕೂಸು ಕಾನ್ವೆಂಟಿಗೋಗಿ ಪುಟಗಟ್ಟಲೆ ಬರೀತದೆ. ನೀನು ಬೀಜ ಜೋಡುಸ್ಕೊಂಡು ಕುಂತಿದ್ದೀಯಲ್ಲ!”

ಟೀಚರಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಅಜ್ಜಿಯನ್ನು ಒಳಗೆ ಕರೆದು ಕೂರಿಸಿ, “ಅವ್ವ, ಒಂದು ಬೀಜ ಎತ್ತಿ ನೋಡಿ. ಯಾವ ಬೆರಳು ಬಂತು?” ಎಂದರು. ಹೆಬ್ಬೆರಳು, ತೋರುಬೆರಳು, ಆಸರೆಗೆ ನಡುಬೆರಳು. “ಪೆನ್ಸಿಲ್ ಹಿಡಿಯೋದೂ ಇದೇ ಮೂರು ಬೆರಳಲ್ಲಿ. ಈ ಬೆರಳಿಗೆ ಕಸುವು ಬರೋ ಮೊದಲೇ ಬರೆಸಿದ್ರೆ ಮಗೂಗೆ ಕೈನೋವು, ಬರೆಯೋದು ಅಂದ್ರೆ ಅಳು. ಕಸುವು ಬಂದ ಮೇಲೆ ಬರೆಯೋದೂ ಆಟವೇ. ನೀವು ಹೊಲಕ್ಕೆ ಉಳುಮೆ ಮಾಡದೆ ಬಿತ್ತುತ್ತೀರಾ?” ಅಜ್ಜಿ ಬೀಜವನ್ನು ಮತ್ತೊಮ್ಮೆ ಎತ್ತಿ ನೋಡಿದರು. “ಆಯ್ತು ಕಣವ್ವ, ನೋಡುವ” ಎಂದು ಹೋದರು. ಹುಡುಗನನ್ನು ಬಿಡಿಸಲಿಲ್ಲ.

ಈ ದಾರಿ ನಮ್ಮ ಟೀಚರಮ್ಮನದು ಮಾತ್ರವಲ್ಲ. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರೊಬ್ಬರಿದ್ದರು. ಅವರು ವಕೀಲಿ ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಬೈಗುಳ, ಹೊಡೆತ ಇಲ್ಲದೆ ಕತೆ, ಆಟ, ಹಾಡುಗಳಿಂದ ಎಳೆಯರಿಗೆ ಕಲಿಸಿದರು. ಜನ ಅವರನ್ನು ‘ಮೀಸೆಯ ತಾಯಿ’ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿನಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದರು. ಅವರಿಗೆ ಜೊತೆಯಾದವರು ಅನುತಾಯಿ ವಾಘ್. ಬಡವರ ಮಕ್ಕಳು ಕಟ್ಟಡದೊಳಗೆ ಬರಲು ಹಿಂಜರಿದಾಗ ಈ ತಾಯಂದಿರು ಅವರ ಮನೆಯ ಅಂಗಳಕ್ಕೇ ಹೋಗಿ ಕಲಿಸಿದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಶಾಲೆಯನ್ನು ಕೊಂಡೊಯ್ದರು.

ಅವರ ಕತೆಯನ್ನು ನಾನು ಓದಿ ತಿಳಿದದ್ದು. ಆದರೆ ಅಂಥದ್ದೇ ಒಂದು ಸಂಗತಿಯನ್ನು ನಮ್ಮ ಬೀದಿಯಲ್ಲೇ ಕಣ್ಣಾರೆ ಕಂಡೆ.

ಊರಾಚೆ ಒಂದು ಇಟ್ಟಿಗೆ ಗೂಡು ಇದೆ. ಸುಗ್ಗಿ ಮುಗಿಯುವ ಹೊತ್ತಿಗೆ ರಾಯಚೂರು ಕಡೆಯ ತಾಂಡಾಗಳಿಂದ ಕೆಲವು ಲಂಬಾಣಿ ಕುಟುಂಬಗಳು ಕೆಲಸಕ್ಕೆ ಬರುತ್ತವೆ. ಜನವರಿಯಲ್ಲಿ ಒಬ್ಬ ತಾಯಿ ತನ್ನ ಹೆಣ್ಣುಮಗುವನ್ನು ತೂಕ ಹಾಕಿಸಲು ಕರೆತಂದಳು. ಮಗುವಿಗೆ ಮೂರು ವರ್ಷ ಎರಡು ತಿಂಗಳು. ತೂಕ 10 ಕಿಲೋ 700 ಗ್ರಾಂ. ತಾಯಿ ಕಾರ್ಡಿನ ನಕ್ಷೆಯಲ್ಲಿ ಟೀಚರಮ್ಮ ಚುಕ್ಕಿ ಇಟ್ಟಾಗ ಅದು ಹಸಿರು ಪಟ್ಟಿಯ ಕೆಳಗೆ, ಹಳದಿ ಪಟ್ಟಿಯಲ್ಲಿ ಬಿತ್ತು. ಅಂದರೆ ವಯಸ್ಸಿಗೆ ತಕ್ಕ ತೂಕವಿಲ್ಲ, ಹೀಗೇ ಬಿಟ್ಟರೆ ಅಪಾಯ. “ನಾಳೆಯಿಂದ ಕಳಿಸಮ್ಮ” ಎಂದರು. ಮರುದಿನ ಮಗು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಸಂಜೆ 4ರ ಮೇಲೆ ಟೀಚರಮ್ಮ, ಸಹಾಯಕಿ ಇಬ್ಬರೂ ಗೂಡಿನ ಕಡೆ ಹೊರಟರು. ಕುತೂಹಲಕ್ಕೆ ನಾನೂ ಮೊಮ್ಮಗನ ಕೈ ಹಿಡಿದು ಹಿಂದೆ ಹೋದೆ. ತಾಯಿ ಬೆಳಗಿನ ಜಾವಕ್ಕೇ ಕೆಲಸಕ್ಕೆ ಇಳಿಯುವವಳು. ಮಗು ಅಲ್ಲೇ ಮಣ್ಣಿನ ರಾಶಿಯ ಪಕ್ಕದಲ್ಲಿ ಆಡಿಕೊಂಡಿರುತ್ತದೆ. ಅಂಗನವಾಡಿಗೆ ಬಿಟ್ಟರೆ ಅಳುತ್ತದೆ, ಅದಕ್ಕೆ ಕನ್ನಡ ಬಾರದು. ಟೀಚರಮ್ಮ ಹೆಚ್ಚು ಮಾತಾಡಲಿಲ್ಲ. ಮಗುವಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು. ಮಗು ಹದವಾದ ಮಣ್ಣನ್ನು ಒಂದು ಹಳೆಯ ಬೆಂಕಿಪೊಟ್ಟಣದೊಳಗೆ ಒತ್ತಿ, ತಲೆಕೆಳಗು ಮಾಡಿ ತಟ್ಟಿ, ಬೆರಳುದ್ದದ ಇಟ್ಟಿಗೆಗಳನ್ನು ತೆಗೆಯುತ್ತಿತ್ತು. ಅಪ್ಪ ಅಮ್ಮ ಅಚ್ಚಿನಲ್ಲಿ ಇಟ್ಟಿಗೆ ಕೊಯ್ಯುವ ಹಾಗೆಯೇ, ಸಾಲಾಗಿ, ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು. ಮಣ್ಣು ಎಷ್ಟು ಒದ್ದೆ ಇರಬೇಕೆಂದು ಆ ಕೂಸಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಟೀಚರಮ್ಮ ತಾಯಿಯನ್ನು ಕೇಳಿ ಮೂರು ಮಾತು ಕಲಿತರು. ತಾಯಿಗೆ ‘ಯಾಡಿ’, ರೊಟ್ಟಿಗೆ ‘ಬಾಟಿ’, ನೀರಿಗೆ ‘ಪಾಣಿ’. ಅಂಗೈ ಮೇಲೆ ಬರೆದುಕೊಂಡು ಬಂದರು. ಆ ರಾತ್ರಿ ಹಳೆಯ ಕ್ಯಾಲೆಂಡರ್ ಕತ್ತರಿಸಿ ಒಂದು ಚಿತ್ರದ ಪುಸ್ತಕ ಹೊಲಿದರು. ಮೊದಲ ಪುಟದಲ್ಲಿ ಮಗುವನ್ನೆತ್ತಿದ ತಾಯಿ, ಎರಡರಲ್ಲಿ ರೊಟ್ಟಿ, ಮೂರರಲ್ಲಿ ನೀರಿನ ಕೊಡ. ಪ್ರತಿ ಚಿತ್ರದ ಕೆಳಗೆ ಎರಡೂ ಹೆಸರು. ನನ್ನ ಕೈಲಾದದ್ದು ನಾನೂ ಮಾಡಿದೆ: ಬೀದಿಯ ಅಂಗಡಿಗಳಿಂದ ಖಾಲಿ ಬೆಂಕಿಪೊಟ್ಟಣ ಸಂಗ್ರಹಿಸಿದೆ.

ಮರುದಿನ ಬೆಳಿಗ್ಗೆ ಸಹಾಯಕಿ ಗೂಡಿನವರೆಗೂ ಹೋಗಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದರು. ಬರುವಾಗ ಒಂದು ಬುಟ್ಟಿ ಹದಮಣ್ಣನ್ನೂ ತಂದರು. ಅಂಗಳದಲ್ಲಿ ಮಣ್ಣು, ಪೊಟ್ಟಣಗಳನ್ನು ಇಟ್ಟು ಟೀಚರಮ್ಮ ಸುಮ್ಮನೆ ಕುಳಿತರು. ನಮ್ಮ ಮಕ್ಕಳು ಒತ್ತಿದ ಇಟ್ಟಿಗೆಗಳೆಲ್ಲ ಕುಸಿದು ಮುದ್ದೆಯಾದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಡುಗಿಗೆ ತಡೆಯಲಾಗಲಿಲ್ಲ. ಬಂದು, ನನ್ನ ಮೊಮ್ಮಗನ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಒಳಗೆ ಒಣ ಮಣ್ಣಿನ ಪುಡಿ ಸವರಿ, ಒತ್ತಿ, ತಟ್ಟಿ ತೆಗೆದಳು. ಅಂಚು ಮುರಿಯದ ಇಟ್ಟಿಗೆ! ಆ ದಿನ ಪಾಠ ಮಾಡಿದವಳು ಅವಳೇ. ಒಂದು ಮಾತೂ ಆಡದೆ ಹದಿನೆಂಟು ಮಕ್ಕಳಿಗೆ ಇಟ್ಟಿಗೆ ತೆಗೆಯುವುದನ್ನು ಕಲಿಸಿದಳು.

ಊಟದ್ದು ಇನ್ನೊಂದು ತೊಡಕು. ಅನ್ನ ಸಾಂಬಾರ್ ಅವಳಿಗೆ ರೂಢಿಯಿಲ್ಲ, ತಟ್ಟೆಯನ್ನು ದೂರ ತಳ್ಳುತ್ತಿದ್ದಳು. ಸಹಾಯಕಿ ಒಂದು ವಾರ ಅಂಗೈಯಗಲದ ರೊಟ್ಟಿ ಬೇರೆ ಬಡಿದುಕೊಟ್ಟರು. ಆಮೇಲೆ ರೊಟ್ಟಿಯ ಚೂರನ್ನು ಸಾರಿನಲ್ಲಿ ನೆನೆಸಿಕೊಟ್ಟರು. ಆಮೇಲೆ ಸಾರಿನ ಜೊತೆ ಒಂದು ತುತ್ತು ಅನ್ನ. ಹಾಲು, ಮೊಳಕೆಕಾಳು, ಮೊಟ್ಟೆಯ ದಿನ ಮೊಟ್ಟೆ. ಅಷ್ಟರಲ್ಲಿ ನಮ್ಮ ಮಕ್ಕಳೆಲ್ಲ ನೀರನ್ನು ‘ಪಾಣಿ’ ಎನ್ನತೊಡಗಿದ್ದರು. ಮನೆಯಲ್ಲಿ ಮೊಮ್ಮಗ “ಅಜ್ಜಿ, ಪಾಣಿ ಕೊಡು” ಎಂದಾಗ ನನ್ನ ಹೆಂಡತಿ ಕಣ್ಣರಳಿಸಿದಳು.

ಮಾರ್ಚಿಯ ಒಂದು ಸಂಜೆ ಹುಣಸೆ ಬೀಜದ ಲೆಕ್ಕ ತಪ್ಪಿತು. ಐವತ್ತೊಂಬತ್ತೇ ಇವೆ. ಟೀಚರಮ್ಮನ ಮುಖ ಸಣ್ಣದಾಯಿತು. ಒಬ್ಬೊಬ್ಬರ ಬಾಯಿ, ಮೂಗು, ಜೇಬು ಎಲ್ಲ ನೋಡಿದರು. ಚಾಪೆ ಕೊಡವಿದರು. ಇಲ್ಲ. ಆಗ ಆ ಹುಡುಗಿ ಎದ್ದು ಹೋಗಿ, ಮಕ್ಕಳು ಪುಟ್ಟ ಇಟ್ಟಿಗೆಗಳಿಂದ ಕಟ್ಟಿದ್ದ ಮನೆಯ ಮುಂದೆ ಕುಳಿತಳು. ಬಾಗಿಲಿಗೆ ಬೀಗದಂತೆ ಒತ್ತಿದ್ದ ಬೀಜವನ್ನು ಉಗುರಿನಿಂದ ಎಬ್ಬಿಸಿ ತಂದು ಬಾಟಲಿಗೆ ಹಾಕಿದಳು. ಹಾಕಿ, ಎಲ್ಲರ ಮುಖ ನೋಡಿ, ಗಟ್ಟಿಯಾಗಿ “ಅರವತ್ತು!” ಎಂದಳು. ಅಂಗನವಾಡಿಯಲ್ಲಿ ಅವಳು ಆಡಿದ ಮೊದಲ ಕನ್ನಡದ ಮಾತು ಅದು.

ಮೇ ತಿಂಗಳ ತೂಕದ ದಿನ ತಕ್ಕಡಿ 11 ಕಿಲೋ 800 ಗ್ರಾಂ ತೋರಿಸಿತು. ಹೊಸ ಚುಕ್ಕಿ ಹಸಿರು ಪಟ್ಟಿಯೊಳಗೆ ಬಿತ್ತು. ಜನವರಿಯಿಂದ ಐದು ಚುಕ್ಕಿಗಳನ್ನು ಸೇರಿಸಿ ಟೀಚರಮ್ಮ ಎಳೆದ ಗೆರೆ ಮೇಲೇರುತ್ತಾ ಹೋಗಿತ್ತು. ಬಡ್ಡಿ ಏರುವುದನ್ನು, ಠೇವಣಿ ಬೆಳೆಯುವುದನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಒಂದು ಗೆರೆ ನೋಡಿ ಕಣ್ಣು ಒದ್ದೆಯಾದದ್ದು ಅಂದೇ.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮಳೆ ಬಂದರೆ ಹಸಿ ಇಟ್ಟಿಗೆ ನಿಲ್ಲುವುದಿಲ್ಲ, ಗೂಡಿನ ಕೆಲಸ ನಿಲ್ಲುತ್ತದೆ. ಕುಟುಂಬ ಊರಿಗೆ ಹೊರಟಿತು. ಅಲ್ಲಿ ಯಾರೂ ಗಮನಿಸದಿದ್ದರೆ ಏರಿದ ಗೆರೆ ಮತ್ತೆ ಇಳಿಯಬಹುದು. ಟೀಚರಮ್ಮನಿಗೆ ಅದೇ ಚಿಂತೆ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟರು. “ಊರಿಗೆ ಹೋದ ಕೂಡಲೇ ಅಲ್ಲಿಯ ಟೀಚರಿಗೆ ತೋರಿಸಬೇಕು” ಎಂದು ಮೂರು ಸಲ ಹೇಳಿದರು. ಮೊಬೈಲಿನಲ್ಲಿ ಹೆಸರನ್ನು ಆ ಊರಿನ ಕೇಂದ್ರಕ್ಕೆ ವರ್ಗಾಯಿಸಿದರು. ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ಖಾತೆ ಕಳಿಸುವ ಹಾಗೆ ಎಂದುಕೊಂಡೆ. ಅಲ್ಲಿಯ ಟೀಚರ ಫೋನ್ ನಂಬರನ್ನೂ ಹುಡುಕಿ ತೆಗೆದು ಮಾತಾಡಿದರು. ಹುಡುಗಿಯ ಚೀಲದಲ್ಲಿ ಚಿತ್ರದ ಪುಸ್ತಕ, ಎರಡು ಬೆಂಕಿಪೊಟ್ಟಣ ಇಟ್ಟರು. ಬಸ್ ಹೊರಟಾಗ ಮಕ್ಕಳೆಲ್ಲ ಅರಳಿಕಟ್ಟೆ ಹತ್ತಿ ಕೈ ಬೀಸಿದರು.

ಜೂನ್ ಕೊನೆಯ ವಾರ ಟೀಚರಮ್ಮನಿಗೆ ರಾಯಚೂರು ಕಡೆಯ ಆ ಟೀಚರಿಂದ ಫೋನ್ ಬಂತು. ಪಕ್ಕದಲ್ಲೇ ನಾನಿದ್ದೆ, ಸ್ಪೀಕರ್ ಹಾಕಿದ್ದರು. ಹುಡುಗಿ ದಿನವೂ ಬರುತ್ತಿದ್ದಾಳೆ, ಊಟವನ್ನೂ ಚೆನ್ನಾಗಿ ಮಾಡುತ್ತಾಳೆ ಎಂಬ ಸುದ್ದಿ ಕೇಳಿ ಇವರು ಉಸಿರುಬಿಟ್ಟರು. ಆಮೇಲೆ ಆ ಟೀಚರ್ ಕೇಳಿದರು: “ಅಲ್ರೀ ಮೇಡಂ, ಒಂದು ತಿಳೀವಲ್ದು. ಸಾಮಾನೆಲ್ಲ ಎತ್ತಿಟ್ಟ ಮ್ಯಾಲೆ ಈ ಹುಡುಗಿ ದಿನಾ ‘ಅರವತ್ತು, ಅರವತ್ತು’ ಅಂತ ಒದರ್ತಾಳ್ರೀ. ಏನ್ರೀ ಅದು?”

ಟೀಚರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹುಣಸೆ ಬೀಜಗಳ ಲೆಕ್ಕವನ್ನು ಮೊದಲಿನಿಂದ ವಿವರಿಸತೊಡಗಿದರು. ಆ ಕಡೆಯಿಂದ “ತಡೀರಿ, ಬರ್ಕೊತೀನಿ” ಎಂಬ ಮಾತು ಕೇಳಿಸಿತು.